ಧ್ವನಿವರ್ಧಕರೇ, ವಿಳಾಸ ಬದಲಿಸಿಕೊಳ್ಳಿ

ಯಂತ್ರಗಳಿಗೂ ಮರ್ಯಾದೆ ಕೊಟ್ಟೇ ಮಾತಾಡಬೇಕು ಎಂದು ಭಾಷಾ ಸಂಘದ ಸಭೆಯಲ್ಲಿ ಒಮ್ಮತದಿಂದ ತೀರ್ಮಾನವಾಯಿತು. ಮನುಷ್ಯರಿಗೆ ಕೊಡುವ ವಿಷಯ ಆ ದಿನ ಚರ್ಚೆಗೆ ಬರಲಿಲ್ಲ, ಹೊತ್ತು ಸಾಲಲಿಲ್ಲ.

ಸಂಘ ಹೊಸ ಸಭಾಂಗಣ ಕಟ್ಟಿಸಿತ್ತು. ಅದರ ಮೈಕು, ಆಂಪ್ಲಿಫೈಯರು, ಪ್ರೊಜೆಕ್ಟರು, ಕ್ಯಾಮೆರಾ ಎಲ್ಲವೂ ಈ ಕಾಲದವು. ತಿರುಗಿಸಲು ತಿರುಪಿಲ್ಲ, ಒತ್ತಲು ಗುಂಡಿಯಿಲ್ಲ. ಎಲ್ಲವೂ ಒಂದೇ ನೆಟ್‌ವರ್ಕಿಗೆ ಜೋತುಕೊಂಡಿರುತ್ತವೆ, ಹಿಂಬದಿಯ ಗಾಜಿನ ಕೋಣೆಯಲ್ಲಿ ಕೂತವರು ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದರೆ ಹಾಗೇ ನಡೆದುಕೊಳ್ಳುತ್ತವೆ. ಆ ಸಾಲುಗಳು ಪರಭಾಷೆಯಲ್ಲಿ ಇರಕೂಡದು, ನಮ್ಮ ನುಡಿಯಲ್ಲೇ ಇರಬೇಕು ಎಂದು ಅಧ್ಯಕ್ಷರು ಮೇಜು ಗುದ್ದಿದರು. ಮೇಜಿನ ಮೇಲಿದ್ದ ಮೈಕೂ ಪರಭಾಷೆಯದೇ ಎಂದು ಯಾರಿಗೂ ನೆನಪಾಗಲಿಲ್ಲ. ಸಾಲುಗಳನ್ನು ರಚಿಸಿಕೊಡುವ ಹೊಣೆ ಸಂಘದ ಹಿರಿಯ ಸದಸ್ಯರಾದ ನಿವೃತ್ತ ವ್ಯಾಕರಣ ಮೇಷ್ಟ್ರ ಹೆಗಲಿಗೆ ಬಿತ್ತು. ಅವುಗಳನ್ನು ಯಂತ್ರಕ್ಕೆ ತಿಳಿಯುವಂತೆ ಹೊಂದಿಸುವ ಹೊಣೆ ಪ್ರೋಗ್ರಾಮರ್ ಒಬ್ಬನ ಹೆಗಲಿಗೆ. ಇಬ್ಬರೂ ಮಾಡಿಟ್ಟದ್ದನ್ನು ಹೊತ್ತು ತಿರುಗುವ ಹೊಣೆ ಮಾತ್ರ ಮೇಷ್ಟ್ರ ಸೊಸೆಯ ಹೆಗಲಿಗೆ.

ಸೊಸೆಗೆ ಸಭಾಂಗಣಗಳಲ್ಲಿ ಈ ಬಗೆಯ ಸಲಕರಣೆ ಜೋಡಿಸುವುದೇ ಉದ್ಯೋಗ. ಸಂಘದಲ್ಲಿ ಎಲ್ಲರೂ ಅವಳನ್ನು ವೈರಕ್ಕ ಎನ್ನುತ್ತಿದ್ದರು, ವೈರು ಎಳೆಯುವ ಅಕ್ಕ ಎಂಬ ಅರ್ಥದಲ್ಲಿ. ಮಾವ ಸೊಸೆಯರ ಸಂಗತಿ ಬಲ್ಲವರು ಅದೇ ಹೆಸರಿಗೆ ಇನ್ನೊಂದು ಅರ್ಥ ಹಚ್ಚಿಕೊಂಡು ನಗುತ್ತಿದ್ದರು. ವೈರಕ್ಕನೂ ನಗುತ್ತಿದ್ದಳು, ಆದರೆ ಒಳಗೆ ಚುರ್ ಅನ್ನುತ್ತಿತ್ತು.

ಸಂಗತಿ ಇಷ್ಟೇ. ವೈರಕ್ಕನೂ ಅವಳ ಗಂಡನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಬಾರೋ ಹೋಗೋ ಎಂದು ಬೆಳೆದ ನಾಲಗೆ ಮದುವೆಯಾದ ಮರುದಿನ ಬನ್ನಿ ಹೋಗಿ ಎಂದು ತಿರುಗಲಿಲ್ಲ. ಮಾವ ಕೆಲಕಾಲ ಕೆಮ್ಮಿ ಎಚ್ಚರಿಸಿದರು. ಕೆಮ್ಮಿಗೆ ಸೊಸೆ ಕಷಾಯ ಮಾಡಿಕೊಟ್ಟಳು. ಒಂದು ದಿನ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಅವಳು ಗಂಡನಿಗೆ, “ಏ, ಆ ಉಪ್ಪು ಇತ್ತ ಕೊಡೋ” ಅಂದುಬಿಟ್ಟಳು. ಗಂಡ ಉಪ್ಪು ಕೊಟ್ಟ. ನೆಂಟರು ಮುಖ ಮುಖ ನೋಡಿಕೊಂಡರು. ಅಪ್ಪಟ ವ್ಯಾಕರಣದ ಮನೆಯಲ್ಲಿ ಗಂಡನೆಂಬ ನಾಮಪದಕ್ಕೆ ಏಕವಚನದ ಕ್ರಿಯಾಪದ! ಮೇಷ್ಟ್ರು ಊಟ ಮುಗಿಸಿ ಎದ್ದರು. ಮರುದಿನ ಬೆಳಗ್ಗೆ ಸೊಸೆಯನ್ನು ಕಂಡು, “ತಾವು ತಿಂಡಿ ತಿಂದಿರಾ?” ಎಂದು ಕೇಳಿದರು.

ಬೈದಿದ್ದರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಅಪ್ಪ ಇಲ್ಲದೆ ಬೆಳೆದವಳು, ಈ ಮನೆಗೆ ಬಂದಾಗ ಮಾವ ನೀನು ಎಂದು ಗದರಿದ್ದನ್ನೇ ಒಡವೆಯ ಹಾಗೆ ಜೋಪಾನ ಮಾಡಿಕೊಂಡಿದ್ದಳು. ಆ ನೀನು ಹೋಗಿ ತಾವು ಬಂತು. ಕದ ಹಾಕುವುದಕ್ಕೂ ವ್ಯಾಕರಣದಲ್ಲಿ ಇಷ್ಟು ಚೆಂದದ ದಾರಿ ಇದೆ ಎಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ. ಎದುರಿಗೆ ಮಾತಾಡಲೇಬೇಕಾದಾಗ ತಾವು, ಇಲ್ಲದಿದ್ದರೆ ಮಗನ ಮೂಲಕ “ಅವರಿಗೆ ಹೇಳು.” ಗಂಡ ಪಾಪ, ಇಬ್ಬರ ನಡುವೆ ಉದ್ದಕ್ಕೆ ಎಳೆದ ಕೇಬಲ್ಲಾಗಿ ಹೋದ.

ಆಮೇಲೆ ಮೇಷ್ಟ್ರ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿ ಉಳಿಯಲಿಲ್ಲ. ಹಿಂದಿನ ಬೆಂಚಿನವರನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದ ಕಂಠ ಈಗ ಪಿಸುಮಾತಾಯಿತು, ಎದುರು ಕೂತವರೂ ಬಗ್ಗಿ ಕೇಳಬೇಕು. ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತು ನೋಡಿಕೊಂಡವಳು ಸೊಸೆಯೇ. ಎಚ್ಚರವಾದಾಗ ಹರಿದ ಧ್ವನಿಯಲ್ಲಿ ಅವರಾಡಿದ ಮೊದಲ ಮಾತು, “ತಮಗೆ ತೊಂದರೆ ಆಯ್ತು.” ಅವಳು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತಳು. ಅಂದಿನಿಂದ ಮೇಷ್ಟ್ರು ಯಾವ ಸಭೆಯಲ್ಲೂ ಬಾಯಿ ಬಿಟ್ಟಿರಲಿಲ್ಲ.

ಹೊಸ ಸಭಾಂಗಣದ ಉದ್ಘಾಟನೆಗೆ ಅವರೇ ಮುಖ್ಯ ಭಾಷಣ ಮಾಡಬೇಕು ಎಂದು ಅಧ್ಯಕ್ಷರು ಹಟ ಹಿಡಿದರು. ಮೇಷ್ಟ್ರ ಆಜ್ಞೆಗಳಿಂದಲೇ ಮೇಷ್ಟ್ರ ಧ್ವನಿ ಮೊಳಗುತ್ತದೆ ಎಂಬ ಸಾಲು ಅಧ್ಯಕ್ಷರಿಗೆ ಸ್ನಾನ ಮಾಡುವಾಗ ಹೊಳೆದಿತ್ತು, ಅದನ್ನು ಬಿಡಲು ಅವರು ತಯಾರಿರಲಿಲ್ಲ. ಮೇಷ್ಟ್ರು ವಾರಗಟ್ಟಲೆ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರು. ಮೈಕು ಸರಿಯಾಗಿ ನಡೆದರೆ ಪಿಸುಮಾತೂ ಭಾಷಣವಾಗುತ್ತದೆ. ಕೈಕೊಟ್ಟರೆ, ತುಂಬಿದ ಸಭೆಯ ಮುಂದೆ ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ಬಿಟ್ಟು ಮುಚ್ಚುತ್ತ ನಿಲ್ಲಬೇಕು. ಇದು ಮೇಷ್ಟ್ರಿಗೂ ಗೊತ್ತಿತ್ತು, ಸೊಸೆಗೂ ಗೊತ್ತಿತ್ತು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಗಂಡನ ಮೂಲಕವೂ ಆಡಲಿಲ್ಲ.

ಸಮಾರಂಭ ಮಧ್ಯಾಹ್ನಕ್ಕೆ. ಬಣ್ಣದವರು ಮತ್ತು ಕಾರ್ಪೆಟ್ಟಿನವರು ಒಬ್ಬರನ್ನೊಬ್ಬರು ಬೈದುಕೊಂಡು ಜಾಗ ಬಿಟ್ಟುಕೊಟ್ಟದ್ದು ಅದೇ ದಿನ ಬೆಳಗ್ಗೆ. ವೈರಕ್ಕ ಬಣ್ಣದ ವಾಸನೆಯಲ್ಲೇ ಗಾಜಿನ ಕೋಣೆಗೆ ನುಗ್ಗಿ ಎಲ್ಲವನ್ನೂ ವೈರಿಗೆ ಸಿಕ್ಕಿಸಿದಳು. ಉಳಿದದ್ದು ವಿಳಾಸ ಕೊಡುವ ಕೆಲಸ. ನೆಟ್‌ವರ್ಕಿನಲ್ಲಿ ವಿಳಾಸ ಅಂದರೆ ಮನೆ ನಂಬರ್ ಇದ್ದ ಹಾಗೆ. ಮೈಕಿನ ಪೆಟ್ಟಿಗೆ ತನಗೆ ಬಂದ ಮಾತನ್ನು ಆಂಪ್ಲಿಫೈಯರಿನ ನಂಬರಿಗೆ ಕಳಿಸಬೇಕು, ಕ್ಯಾಮೆರಾ ತನ್ನ ಚಿತ್ರವನ್ನು ಪ್ರೊಜೆಕ್ಟರಿನ ನಂಬರಿಗೆ. ಕಾರ್ಖಾನೆಯಿಂದ ಬರುವಾಗ ಎಲ್ಲದರ ಹಣೆಯಲ್ಲೂ ಒಂದೇ ನಂಬರ್ ಬರೆದಿರುತ್ತದೆ. ಹಾಗೇ ಬಿಟ್ಟರೆ ಯಾರ ಮಾತು ಯಾರಿಗೂ ಮುಟ್ಟದು. ಒಂದೊಂದನ್ನೂ ಹೆಸರು ಹಿಡಿದು ಕೂಗಿ ಬೇರೆ ಬೇರೆ ನಂಬರ್ ಕೊಡಬೇಕು. ಕೂಗು ವೈರಿನಲ್ಲಿರುವ ಎಲ್ಲರ ಕಿವಿಗೂ ಬೀಳುತ್ತದೆ, ಹೆಸರಿನವನು ಓಗೊಡುತ್ತಾನೆ, ಮಿಕ್ಕವರು ಸುಮ್ಮನಿರುತ್ತಾರೆ. ಸುಮ್ಮನಿರಬೇಕು ಅಂತ ಲೆಕ್ಕ.

ಮಾವನ ಕೈಪಿಡಿ ಪಕ್ಕದಲ್ಲಿತ್ತು. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಇತ್ತು: ಯಂತ್ರಗಳನ್ನು ಗೌರವಪೂರ್ವಕವಾಗಿ ಸಂಬೋಧಿಸತಕ್ಕದ್ದು, ಏಕವಚನ ಸಲ್ಲದು. ವೈರಕ್ಕನ ಬೆರಳು ಹುಟ್ಟಾ ಏಕವಚನದವು. ಆದರೂ ಇವತ್ತು ಮಾವನ ದಿನ. ಮದುವೆಯಾದಾಗಿನಿಂದ ಮಾತು ಕೇಳದವಳು ಎನ್ನಿಸಿಕೊಂಡದ್ದು ಸಾಕು, ಈ ಒಂದು ದಿನ ಅಕ್ಷರಕ್ಕೆ ಅಕ್ಷರ ಕೇಳಿಬಿಡೋಣ ಎಂದುಕೊಂಡಳು. ಕೆಲವರಿಗೆ ಒಳ್ಳೆ ಬುದ್ಧಿ ಬರುವುದೇ ಕೆಟ್ಟ ಗಳಿಗೆಯಲ್ಲಿ.

ಧ್ವನಿವರ್ಧಕರೇ, ವಿಳಾಸ ಬದಲಿಸಿಕೊಳ್ಳಿ, ನೂರ ಹತ್ತು.

“ಅಪ್ಪಣೆ” ಎಂದು ಪರದೆ ಉತ್ತರಿಸಿತು. ಅದರ ಕೆಳಗೆ ಇನ್ನೊಂದು ಅಪ್ಪಣೆ. ಅದರ ಕೆಳಗೆ ಮತ್ತೊಂದು. ಮತ್ತೂ ಒಂದು. ಯಂತ್ರಕ್ಕೂ ಅಧ್ಯಕ್ಷರ ಸಹವಾಸದ ಗಾಳಿ ಬಡಿದಿದೆ, ಒಂದು ಸಲ ಹೇಳುವುದನ್ನು ನಾಲ್ಕು ಸಲ ಹೇಳುತ್ತದೆ ಎಂದುಕೊಂಡು ಅವಳು ಮುಂದುವರಿದಳು. ಆಂಪ್ಲಿಫೈಯರಿಗೆ ಮಾವ ಇಟ್ಟ ಹೆಸರು ಧ್ವನಿವರ್ಧಕ, ಮೈಕಿನ ಪೆಟ್ಟಿಗೆಗೆ ಧ್ವನಿಗ್ರಾಹಕ.

ಧ್ವನಿಗ್ರಾಹಕರೇ, ವಿಳಾಸ ಬದಲಿಸಿಕೊಳ್ಳಿ, ನೂರ ಹನ್ನೊಂದು.

ಮತ್ತೆ ಅಪ್ಪಣೆಗಳ ಮೆರವಣಿಗೆ. ಪ್ರೊಜೆಕ್ಟರ್ ಅಂದರೆ ಬಿಂಬಕ್ಷೇಪಕರು, ಕ್ಯಾಮೆರಾ ಅಂದರೆ ಛಾಯಾಗ್ರಾಹಕರು, ಅವರಿಗೂ ಹೇಳಿ ಆಯಿತು. ವೇದಿಕೆಗೆ ಹೋಗಿ ಮೈಕಿನ ಮುಂದೆ “ಹಲೋ” ಅಂದಳು. ಸಭಾಂಗಣ ಸತ್ತ ಹಾಗೆ ಬಿದ್ದಿತ್ತು. ವಾಪಸು ಓಡಿಬಂದು ವಿಳಾಸ ಕೇಳಿದರೆ ಎಲ್ಲರದೂ ಒಂದೇ ಉತ್ತರ, ಕ್ಯಾಮೆರಾಕ್ಕೆ ಕೊಟ್ಟ ನಂಬರು. ಆಂಪ್ಲಿಫೈಯರನ್ನು ಬೇಡಿಕೊಂಡು ಬೇರೆ ನಂಬರಿಗೆ ಕಳಿಸಿದಳು. ಎಲ್ಲರೂ ಅಲ್ಲಿಗೇ ಹೋದರು. ಮೈಕನ್ನು ಇನ್ನೊಂದಕ್ಕೆ ಕಳಿಸಿದಳು. ಅಲ್ಲಿಗೂ ಇಡೀ ಸಂಸಾರ ಗಂಟುಮೂಟೆ ಕಟ್ಟಿಕೊಂಡು ಹೊರಟಿತು. ತನ್ನ ಅಂಗಡಿಯಲ್ಲಿ ಒಂದೊಂದನ್ನೇ ಮೇಜಿನ ಮೇಲಿಟ್ಟು ಪರೀಕ್ಷೆ ಮಾಡಿದಾಗ ಎಲ್ಲವೂ ಬಂಗಾರದಂಥ ಮಕ್ಕಳಾಗಿದ್ದವು. ಒಟ್ಟಿಗೆ ಕೂಡಿಸಿದ ಮೇಲೆ ಹೀಗೆ. ಒಟ್ಟು ಕುಟುಂಬದ ಹಣೆಬರಹವೇ ಇಷ್ಟು ಎಂದು ಅವಳು ಹಲ್ಲು ಕಚ್ಚಿದಳು.

ಪ್ರೋಗ್ರಾಮರನಿಗೆ ಫೋನ್ ಮಾಡಿದಳು.

“ಮೇಡಂ, ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?”

“ನೋಡಿದೆ.”

“ಇನ್ನೊಂದ್ಸಲ ನೋಡಿ.”

“ಅದನ್ನೂ ನೋಡಿದೆ. ಒಬ್ಬನಿಗೆ ಹೇಳಿದ್ರೆ ಎಲ್ಲರೂ ಎದ್ದು ಹೋಗ್ತಾ ಇದಾರೆ.”

“ನನ್ನ ಕೆಲಸದಲ್ಲಿ ತಪ್ಪಿಲ್ಲ ಮೇಡಂ,” ಅವನು ನೊಂದುಕೊಂಡ. “ಮೇಷ್ಟ್ರು ಕೊಟ್ಟ ವ್ಯಾಕರಣದ ಪಟ್ಟಿ ಇಟ್ಕೊಂಡು, ಒಂದಕ್ಷರ ಆಚೆ ಈಚೆ ಆಗದ ಹಾಗೆ ಮಾಡಿದ್ದೀನಿ. ಬೇಕಾದ್ರೆ ಅವರನ್ನೇ ಕೇಳಿ.” ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಅವನು. ಫೋನ್ ಇಟ್ಟ.

ಅಷ್ಟರಲ್ಲಿ ಕುರ್ಚಿಗಳು ತುಂಬತೊಡಗಿದವು. ಅಧ್ಯಕ್ಷರು ವೇದಿಕೆ ಹತ್ತಿ ಮೈಕಿಗೆ ಬೆರಳಿನಿಂದ ಟಕಟಕ ಕುಟ್ಟಿದರು, ಊದಿದರು, ಆಮೇಲೆ ಗಾಜಿನ ಕೋಣೆಯ ಕಡೆ ನೋಡಿ ಹುಬ್ಬು ಹಾರಿಸಿದರು. ವೈರಕ್ಕ ನಗುತ್ತ ಕೈ ಎತ್ತಿ, ಎಲ್ಲ ಸರಿಯಿದೆ ಎಂಬಂತೆ ತೋರಿಸಿದಳು. ಅಧ್ಯಕ್ಷರ ಗಂಟಲಿಗೆ ಮೈಕೇ ಬೇಡ, ಅವರು ಬೀದಿಯಲ್ಲಿ ನಿಂತು ಮಾತಾಡಿದರೂ ಸಭಾಂಗಣಕ್ಕೆ ಕೇಳಿಸುತ್ತದೆ. ಮಾವನ ಗತಿಯೇನು? ಮನಸ್ಸಿನ ಯಾವುದೋ ಮೂಲೆಯಲ್ಲಿ, ಅನುಭವಿಸಲಿ, ಬರೆದಿಟ್ಟವರು ಅವರೇ ತಾನೇ ಎಂಬ ಒಂದು ಸಣ್ಣ ಹುಳ ಎದ್ದಿತು. ಅವಳಿಗೆ ಅದರ ಮೇಲೆ ಅಸಹ್ಯವಾಯಿತು. ಆ ಮುದುಕ ಕನ್ನಡಿಯ ಮುಂದೆ ನಿಂತು ತನ್ನ ಪಿಸುಮಾತಿಗೆ ತಾನೇ ಕಿವಿಗೊಡುತ್ತಿದ್ದುದನ್ನು ಅವಳು ಬಾಗಿಲ ಸಂದಿಯಿಂದ ನೋಡಿದ್ದಳು.

ಬಾಗಿಲು ತೆರೆಯಿತು. ಗಂಡ ಬಂದ, ಅವನ ಹಿಂದೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮಾವ. ಕಿಷ್ಕಿಂಧೆಯಂಥ ಕೋಣೆಯಲ್ಲಿ ಮೂವರೂ ಒಬ್ಬರಿಗೊಬ್ಬರು ತಾಗುತ್ತ ನಿಂತರು.

ಮಾವ ಮಗನ ಕಿವಿಗೆ ಏನೋ ಪಿಸುಗುಟ್ಟಿದರು.

“ಏನು ತೊಂದರೆ ಅಂತ ಅಪ್ಪ ಕೇಳ್ತಿದಾರೆ,” ಗಂಡ ಹೇಳಿದ.

“ಅವರು ಕೇಳಿದ್ದು ನನಗೂ ಕೇಳಿಸ್ತು ಕಣೋ, ಅರ್ಧ ಗಜ ದೂರದಲ್ಲಿದೀನಿ,” ಎಂದಳು. ಆಮೇಲೆ ತಡೆದುಕೊಂಡು, ಮಾವನ ಮುಖ ನೋಡದೆ, ಪರದೆಗೆ ಹೇಳುವಂತೆ ಹೇಳಿದಳು. “ಒಂದಕ್ಕೆ ಹೇಳಿದ್ದನ್ನ ಎಲ್ಲವೂ ಕೇಳ್ತಾ ಇವೆ. ಕೈಪಿಡೀಲಿ ಇರೋ ಹಾಗೇ, ಒಂದಕ್ಷರ ತಪ್ಪದೆ ಟೈಪ್ ಮಾಡಿದೀನಿ. ನಿಮ್ಮಾಣೆ ಮಾವ, ಒಂದು ಏಕವಚನವೂ ಬಳಸಿಲ್ಲ.”

ಮೇಷ್ಟ್ರು ಕನ್ನಡಕ ಏರಿಸಿ ಪರದೆಗೆ ಬಗ್ಗಿದರು. ಧ್ವನಿವರ್ಧಕರೇ. ಬದಲಿಸಿಕೊಳ್ಳಿ. ಅದರ ಕೆಳಗೆ ಸಾಲುಗಟ್ಟಿದ ಅಪ್ಪಣೆಗಳು. ಅವರು ಬೆರಳಿಟ್ಟು ಅಪ್ಪಣೆಗಳನ್ನು ಎಣಿಸಿದರು, ಮೂಲೆಯಲ್ಲಿ ಮಿನುಗುವ ಪೆಟ್ಟಿಗೆಗಳನ್ನೂ ಎಣಿಸಿದರು. ಮುಖದ ರಕ್ತ ಇಳಿಯಿತು.

“ರೇ,” ಎಂದರು ಮೆಲ್ಲಗೆ. “ಸಭಿಕರೇ. ಮಕ್ಕಳೇ ಬನ್ನಿ.” ಮತ್ತೆ ಮಗನ ಕಡೆ ತಿರುಗಿದರು. “ಪಟ್ಟೀಲಿ ನಾನು ಬರೆದುಕೊಟ್ಟದ್ದು ಇಷ್ಟೇ ಕಣೋ. ಏಕವಚನ ಒಬ್ಬರಿಗೆ, ಬಹುವಚನ ಹಲವರಿಗೆ. ಬಹುವಚನ ಗೌರವಕ್ಕೂ ಆಗುತ್ತೆ ಅನ್ನೋದನ್ನ ಬರೀಲಿಲ್ಲ. ಅದನ್ನೂ ಬರೀಬೇಕು ಅಂತ ಯಾರಿಗೆ ಹೊಳೆಯುತ್ತೆ? ಹುಟ್ಟಿದ ಮಗುವಿಗೂ ಗೊತ್ತಿರೋ ವಿಷಯ.”

ಹುಟ್ಟಿದ ಮಗುವಿಗೆ ಗೊತ್ತಿತ್ತು, ಪ್ರೋಗ್ರಾಮ್‌ಗೆ ಗೊತ್ತಿರಲಿಲ್ಲ. ಅದಕ್ಕೆ, ಮುಂದೆ ಯಾರ ಹೆಸರಿದ್ದರೂ, ಬನ್ನಿ ಅಂದರೆ ಎಲ್ಲರೂ ಬನ್ನಿ. ಮೇಷ್ಟ್ರು ಕೊಟ್ಟ ಮರ್ಯಾದೆಯಷ್ಟನ್ನೂ ಅದು ಗುಂಪಿಗೆ ಹಂಚಿಬಿಟ್ಟಿತ್ತು.

ವೈರಕ್ಕ ಮಾವನ ಕಡೆ ನೋಡಿದಳು. ಬೇರೆ ದಿನವಾಗಿದ್ದರೆ ಈ ಗೆಲುವನ್ನು ಅವಳು ವರ್ಷವಿಡೀ ಚಪ್ಪರಿಸುತ್ತಿದ್ದಳು. ಈಗ ಅದರ ರುಚಿಯೇ ಹತ್ತಲಿಲ್ಲ. ಹೊರಗೆ ಅಧ್ಯಕ್ಷರು ಮೈಕಿಲ್ಲದೆಯೇ ಸ್ವಾಗತ ಶುರು ಮಾಡಿದ್ದರು. ಗಾಜಿನಾಚೆಗೂ ಒಂದೊಂದು ಅಕ್ಷರ ಕೇಳುತ್ತಿತ್ತು.

ಮೇಷ್ಟ್ರ ಗಂಟಲಿನ ಗಾಯದ ಗೆರೆ ಮೇಲೆ ಕೆಳಗೆ ಆಡಿತು. ಜೀವಮಾನವೆಲ್ಲ ತಿದ್ದಿದ ಕೈ ಅದು, ತನ್ನದನ್ನೇ ಹೊಡೆದುಹಾಕುವುದು ಸುಲಭವಲ್ಲ. ಕೊನೆಗೆ ಮಗನಿಗೆ ಹೇಳಿದರು, “ಅವರಿಗೆ ಹೇಳು. ಏಕವಚನದಲ್ಲೇ ಕರೀಲಿ ಅಂತ.”

“ಏಕವಚನದಲ್ಲೇ ಕರೀಬೇಕಂತೆ,” ಗಂಡ ಹೇಳಿದ. ಮನೆ ಹೊತ್ತಿ ಉರಿಯುತ್ತಿದ್ದರೂ ಇವನು ಬಾಯಿಂದ ಬಾಯಿಗೆ ನೀರು ಸಾಗಿಸುತ್ತಾನೆ ಎಂದು ವೈರಕ್ಕನಿಗೆ ಅನ್ನಿಸಿತು.

ಧ್ವನಿವರ್ಧಕವೇ, ವಿಳಾಸ ಬದಲಿಸಿಕೋ, ನೂರ ಹತ್ತು.

ಒಂದೇ ಒಂದು ಅಪ್ಪಣೆ. ಮಿಕ್ಕವರೆಲ್ಲ ತೆಪ್ಪಗಿದ್ದರು. ಮೈಕಿನ ಪೆಟ್ಟಿಗೆಗೆ ಬದಲಿಸಿಕೋ ಅಂದಳು, ಪ್ರೊಜೆಕ್ಟರಿಗೆ ಅಂದಳು, ಕ್ಯಾಮೆರಾಕ್ಕೆ ಅಂದಳು. ಒಬ್ಬೊಬ್ಬರೂ ತಂತಮ್ಮ ಮನೆ ಸೇರಿದರು. ವೇದಿಕೆಯ ಮೇಲೆ ಅಧ್ಯಕ್ಷರ ಧ್ವನಿ ಇದ್ದಕ್ಕಿದ್ದ ಹಾಗೆ ಗುಡುಗಿ, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ವೈರಕ್ಕ ಗಡಿಬಿಡಿಯಲ್ಲಿ ಧ್ವನಿ ಇಳಿಸಿದಳು. ತಿರುಗಿ ನೋಡಿದರೆ ಮಾವ ಆಗಲೇ ಹೊರಟಾಗಿತ್ತು, ಗಂಡ ಅವರ ಮೊಣಕೈ ಹಿಡಿದು ನಡೆಸುತ್ತಿದ್ದ. ಒಂದು ಭೇಷ್ ಇಲ್ಲ, ಒಂದು ನೋಟ ಇಲ್ಲ. ತಮಗೆ ತೊಂದರೆ ಆಯ್ತು ಎಂದೂ ಅನ್ನಲಿಲ್ಲ.

ಅಧ್ಯಕ್ಷರು ಎರಡು ಮಾತಾಡುತ್ತೇನೆ ಎಂದು ಎದ್ದವರು ಜನ ಆಕಳಿಸುವವರೆಗೆ ಮಾತಾಡಿದರು. ಸ್ನಾನದಲ್ಲಿ ಹೊಳೆದ ಸಾಲನ್ನು ಮೂರು ಕಡೆ ಬಳಸಿದರು. ಯಂತ್ರಕ್ಕೂ ಗೌರವ ಕಲಿಸಿದ ನುಡಿ ನಮ್ಮದು ಎಂದಾಗ ಚಪ್ಪಾಳೆ ಬಿತ್ತು. ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ವೈರಕ್ಕ ಚಪ್ಪಾಳೆ ಹೊಡೆಯಲಿಲ್ಲ.

ಆಮೇಲೆ ಮೇಷ್ಟ್ರು ಎದ್ದರು. ಮೈಕಿನ ಮುಂದೆ ನಿಂತು, ಗಂಟಲು ಮುಟ್ಟಿಕೊಂಡು, ಶುರು ಮಾಡಿದರು. ಹೆಡ್‌ಫೋನಿನಲ್ಲಿ ಅವಳಿಗೆ ಅವರ ಪಿಸುಮಾತು ನೇರ ಮೈಕಿನಿಂದಲೇ ಬಂದು, ಪಕ್ಕದಲ್ಲೇ ಕೂತು ಹೇಳಿದಷ್ಟು ಚೆನ್ನಾಗಿ ಕೇಳುತ್ತಿತ್ತು. ಅಬ್ಬಾ ಎಂದು ಕುರ್ಚಿಗೆ ಒರಗಿದಳು. ಅಧ್ಯಕ್ಷರ ಗುಡುಗಿಗೆ ಇಳಿಸಿದ ಧ್ವನಿಯನ್ನು ಹಾಗೇ ಬಿಟ್ಟಿದ್ದೇನೆ, ಸಭಾಂಗಣದಲ್ಲಿ ಮುಂದಿನ ಸಾಲು ದಾಟಿ ಒಂದಕ್ಷರವೂ ಹೋಗುತ್ತಿಲ್ಲ ಎನ್ನುವುದು ಅವಳಿಗೆ ಗೊತ್ತಾಗಲಿಲ್ಲ.

ಮೇಷ್ಟ್ರಿಗೆ ಗೊತ್ತಾಯಿತು. ಜನ ಕತ್ತು ಚಾಚುತ್ತಿದ್ದರು, ಕಿವಿಗೆ ಕೈ ಇಟ್ಟುಕೊಳ್ಳುತ್ತಿದ್ದರು, ಆಮೇಲೆ ಒಬ್ಬರಿಗೊಬ್ಬರು ಮಾತಾಡತೊಡಗಿದರು. ಮಗ ಎಲ್ಲಿ ಎಂದು ಅವರ ಕಣ್ಣು ಹುಡುಕಿತು. ಮಗ ಎಲ್ಲೋ ಕುರ್ಚಿ ಹುಡುಕಲು ಹೋಗಿದ್ದ. ಹೇಳಿ ಕಳಿಸಲು ಯಾರೂ ಇರಲಿಲ್ಲ. ಅವರು ಭಾಷಣ ನಿಲ್ಲಿಸಿ, ಕೈ ಎತ್ತಿ, ಇದ್ದ ಬದ್ದ ಉಸಿರೆಲ್ಲ ಕೂಡಿಸಿ ಹೇಳಿದರು.

“ದಯವಿಟ್ಟು ಜೋರು ಮಾಡಿ.”

ಮುಂದಿನ ಸಾಲಿನವರು ತಮಗೇ ಹೇಳಿದ್ದು ಎಂದುಕೊಂಡು ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಹಿಂದಿನವರೂ ತಟ್ಟಿದರು. ಎಂದೂ ಚಪ್ಪಾಳೆಗೆ ಬಾಯಿ ಬಿಡದ ಮನುಷ್ಯ ಇವತ್ತು ಕೇಳಿ ಹೊಡೆಸಿಕೊಳ್ಳುತ್ತಿದ್ದಾರಲ್ಲ ಎಂದು ವೈರಕ್ಕ ಬೆರಗಾಗಿ, ತಾನೂ ಎರಡು ತಟ್ಟಿದಳು.

“ಜೋರು ಮಾಡಿ ಅಂದೆ,” ಮೇಷ್ಟ್ರು ಕಂಗಾಲಾಗಿ ಮತ್ತೆ ಹೇಳಿದರು.

ಅಧ್ಯಕ್ಷರು ಎದ್ದು ನಿಂತು ತಟ್ಟಿದರು. ಇಡೀ ಸಭೆ ಎದ್ದು ನಿಂತಿತು. ಹೊಸ ಬಣ್ಣದ ಗೋಡೆಗಳು ಅದುರಿದವು.

ಆ ಗದ್ದಲದ ನಡುವೆ ಮೇಷ್ಟ್ರ ಕೈ ಇಳಿಯಿತು. ಪರದೆಯ ಮೇಲಿನ ಅಪ್ಪಣೆಗಳನ್ನು ಎಣಿಸಿದಾಗಿನ ಅದೇ ಮುಖ. ಚಪ್ಪಾಳೆ ತಗ್ಗುವವರೆಗೆ ಕಾದು, ಮೈಕಿಗೆ ತುಟಿ ತಾಗುವಷ್ಟು ಬಗ್ಗಿದರು. ಕಣ್ಣು ಸಭೆಯನ್ನು ದಾಟಿ ನೇರ ಹಿಂಬದಿಯ ಗಾಜಿನ ಮೇಲೆ ನಿಂತಿತು.

“ನಿಮಗಲ್ಲ,” ಎಂದರು. “ನೀನು. ಹಿಂದೆ ಕೂತಿದೀಯಲ್ಲ, ನೀನೇ ಮಗಳೇ. ನಿನಗೇ ಹೇಳಿದ್ದು. ಇವರಿಗೆ ಕೇಳಿಸ್ತಿಲ್ಲ ಕಣಮ್ಮ, ಸ್ವಲ್ಪ ಜೋರು ಮಾಡು.”

ಸಭೆಯಲ್ಲಿ ಅದು ಎಷ್ಟು ಜನಕ್ಕೆ ಕೇಳಿತೋ. ವೈರಕ್ಕನ ಎರಡೂ ಕಿವಿಗೆ ಪೂರ್ತಿ ಕೇಳಿತು.

“ಆಯ್ತು ಮಾವ,” ಎಂದಳು, ಗಾಜಿನಾಚೆ ಯಾರಿಗೂ ಕೇಳಿಸದು ಎಂದು ಗೊತ್ತಿದ್ದೂ. ಕಣ್ಣು ತುಂಬಿ ಕೀಲಿಗಳೆಲ್ಲ ಕಲೆಸಿಕೊಂಡವು. ಟೈಪ್ ಮಾಡಿದ್ದು ಅಡ್ಡಾದಿಡ್ಡಿಯಾಯಿತು. ಕ್ಷಮಿಸಿ, ತಮ್ಮ ಮಾತು ಅರ್ಥವಾಗಲಿಲ್ಲ ಎಂದು ಪರದೆ ವಿನಯದಿಂದ ತಿಳಿಸಿತು.

“ನಿನಗೆ ಹೇಗೆ ಅರ್ಥ ಆಗಬೇಕು, ಸುಮ್ನಿರು,” ಎಂದು ಅದನ್ನು ಗದರಿ, ಮೂಗು ಒರೆಸಿಕೊಂಡು, ಅವಳು ಇನ್ನೊಮ್ಮೆ ಟೈಪ್ ಮಾಡಿದಳು. ಮಾವ ಗಂಟಲು ಸರಿಮಾಡಿಕೊಂಡದ್ದು ಕೊನೆಯ ಸಾಲಿನವರಿಗೂ ಕೇಳಿಸಿತು.